ಹಳೆ ಬ್ಯಾಂಕ್ ಕಟ್ಟಡಕ್ಕೆ ಹೊಸ ಬಳಕೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಿಪ್ಪಾಣಿ, ಗೋಕಾಕ, ಅಥಣಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್, ತಾಳಿಕೋಟೆಯಂಥ ಪೇಟೆಯೂರುಗಳಲ್ಲಿ ಹಳೆ ಬ್ಯಾಂಕ್ ಕಟ್ಟಡ ಕೈಗೆ ಬಂದವರು, ಸೊಸೈಟಿ ಸಂಚಾಲಕರು, ವಾಚನಾಲಯ ತೆರೆಯಬೇಕೆಂದಿರುವ ಹುಡುಗರು ಕೇಳುತ್ತಲೇ ಇರುವ ಪ್ರಶ್ನೆಗಳು ಇಲ್ಲಿವೆ. ಎಲ್ಲದಕ್ಕೂ ಮೊದಲು ಒಂದು ಮಾತು: ಕಟ್ಟಡದ ಇತಿಹಾಸ ಮೊದಲು, ಗೌಂಡಿ ಆಮೇಲೆ. ಯಾರು ಕಟ್ಟಿದ್ದು, ಯಾವಾಗ, ಯಾವುದರಿಂದ ಎಂಬುದು ಗೊತ್ತಾದರೆ ಮಾಲಕತ್ವ, ರಿಪೇರಿ, ಪರವಾನಗಿ ಮೂರರಲ್ಲೂ ಅರ್ಧ ಉತ್ತರ ಸಿಕ್ಕಂತೆ.

## ಮೊದಲು ಕೇಳುವವು

ನಮ್ಮೂರಾಗ ಹಳೆ ಬ್ಯಾಂಕ್ ಬಿಲ್ಡಿಂಗ್ ಇಷ್ಟೊಂದು ಖಾಲಿ ಬಿದ್ದಾವಲ್ಲ, ಯಾಕ?

ಬ್ಯಾಂಕುಗಳು ಒಂದರೊಳಗೊಂದು ಸೇರುತ್ತ ಹೋದದ್ದೇ ಮುಖ್ಯ ಕಾರಣ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಕುಸಿದ ಮೇಲೆ ರಿಸರ್ವ್ ಬ್ಯಾಂಕ್ ಸಣ್ಣ ಖಾಸಗಿ ಬ್ಯಾಂಕುಗಳನ್ನು ದೊಡ್ಡವುಗಳಲ್ಲಿ ಸೇರಿಸುವ ಕೆಲಸಕ್ಕೆ ಕೈಹಾಕಿತು. ನಮ್ಮ ಭಾಗದ ಉದಾಹರಣೆ ಬೇಕೆಂದರೆ, 1948ರಲ್ಲಿ ವಿಜಾಪುರದಲ್ಲಿ ನೋಂದಣಿಯಾದ ಶ್ರೀ ಜಡೆಯ ಶಂಕರಲಿಂಗ ಬ್ಯಾಂಕ್ 1964ರಲ್ಲಿ ಬೆಳಗಾವಿ ಬ್ಯಾಂಕಿನಲ್ಲಿ ಸೇರಿತು. 1930ರಲ್ಲಿ ಹುಟ್ಟಿದ ಬೆಳಗಾವಿ ಬ್ಯಾಂಕ್ 1970ರ ದಶಕದ ನಡುವೆ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ಹೀಗಾಗಿ ಒಂದೇ ಬಾಗಿಲ ಮೇಲೆ ಮೂರು ಬೋರ್ಡು ಬದಲಾಗಿರಬಹುದು.

ಎರಡನೆಯ ಅಲೆ ಈಚಿನದು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್‌ನಲ್ಲಿ ಸೇರಿದವು. ಒಂದೇ ಬೀದಿಯಲ್ಲಿ ಒಂದೇ ಬ್ಯಾಂಕಿನ ಎರಡು ಶಾಖೆಗಳಾದಾಗ ಹಳೆಯ, ಪಾರ್ಕಿಂಗ್ ಇಲ್ಲದ ಕಟ್ಟಡದ್ದೇ ಬಾಗಿಲು ಮುಚ್ಚುತ್ತದೆ. ಗ್ರಾಮೀಣ ಬ್ಯಾಂಕುಗಳದ್ದೂ ಇದೇ ಕಥೆ. ಮಲಪ್ರಭಾ ಮತ್ತು ಬಿಜಾಪುರ ಗ್ರಾಮೀಣ ಬ್ಯಾಂಕುಗಳು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆದವು, ಅದು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ.

ಇಷ್ಟು ಸಣ್ಣ ಊರಿಗೆ ಅಷ್ಟು ಗಟ್ಟಿ ಬ್ಯಾಂಕ್ ಯಾಕ ಕಟ್ಟಿದ್ರು?

ಊರು ಸಣ್ಣದಿದ್ದರೂ ಪೇಟೆ ದೊಡ್ಡದಿತ್ತು. ನಿಪ್ಪಾಣಿಯಲ್ಲಿ ತಂಬಾಕು, ಮಹಾಲಿಂಗಪುರದಲ್ಲಿ ಬೆಲ್ಲ, ಇಳಕಲ್ಲಿನಲ್ಲಿ ಸೀರೆ, ಗುಳೇದಗುಡ್ಡದಲ್ಲಿ ಖಣ. ಸುಗ್ಗಿಯ ಕೆಲವೇ ವಾರಗಳಲ್ಲಿ ಅಡತಿ ಅಂಗಡಿಗಳಿಗೆ ನಗದು ಬೇಕು, ಉಳಿದ ದಿನ ಅದನ್ನು ಇಡಲು ಭದ್ರ ಜಾಗ ಬೇಕು. ಜೊತೆಗೆ ಸಹಕಾರ ಚಳವಳಿ ಬೇಗ ಬೇರೂರಿದ ನಾಡಿದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು, ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. 1912ರ ಕಾಯ್ದೆಯ ನಂತರ ಜಿಲ್ಲಾ ಕೇಂದ್ರ ಬ್ಯಾಂಕುಗಳಿಗೂ ದಾರಿಯಾಯಿತು. ಠೇವಣಿ ಇಡುವವರಿಗೆ ನಂಬಿಕೆ ಬರಬೇಕೆಂದರೆ ಗೋಡೆ ದಪ್ಪ ಕಾಣಬೇಕು, ಕಟ್ಟೆ ಎತ್ತರವಿರಬೇಕು. ಆ ಗಟ್ಟಿತನಕ್ಕೆ ಇದೂ ಒಂದು ಕಾರಣ.

ಕಟ್ಟಡ ಯಾವ ಕಾಲದ್ದು ಅಂತ ಹೆಂಗ ಗೊತ್ತಾಗ್ತದ? ಯಾರಿಗೂ ನೆನಪಿಲ್ಲ.

ಅಡಿಗಲ್ಲು ಅಥವಾ ಬಾಗಿಲ ಮೇಲಿನ ಫಲಕದಿಂದ ಶುರುಮಾಡಿ. ಸುಣ್ಣದ ಪದರದ ಕೆಳಗೆ ಅಕ್ಷರ ಮುಚ್ಚಿಹೋಗಿರುತ್ತವೆ. ಕಬ್ಬಿಣದ ಬ್ರಷ್ ಮುಟ್ಟಿಸದೆ ಒದ್ದೆ ಬಟ್ಟೆ, ಬಿದಿರಿನ ಕಡ್ಡಿಯಿಂದ ಬಿಡಿಸಿ. ಶಕೆ ಬರೆದಿದ್ದರೆ 78 ಕೂಡಿಸಿ, ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ 79. ಸಂವತ್ಸರದ ಹೆಸರಿದ್ದರೆ ತಾಳೆ ನೋಡಿ: ಶಕೆ 1857 ಎಂದರೆ ಯುವ ಸಂವತ್ಸರ, 1935-36.

ಫಲಕ ಇಲ್ಲದಿದ್ದರೆ ಕಟ್ಟಡವೇ ಹೇಳುತ್ತದೆ. ಗರ್ಡರಿನ ಬದಿಯಲ್ಲಿ ತಯಾರಕರ ಹೆಸರು ಉಬ್ಬಿರುತ್ತದೆ. ‘ಡಾರ್ಮನ್ ಲಾಂಗ್’ ಎಂದಿದ್ದರೆ ಇಂಗ್ಲೆಂಡಿನಿಂದ ಬಂದದ್ದು, ‘ಟಾಟಾ’ ಎಂದಿದ್ದರೆ 1912ರ ನಂತರದ್ದು. ಗೋದ್ರೆಜ್ ತಿಜೋರಿ ಇದ್ದರೆ ಅದು 1902ಕ್ಕಿಂತ ಹಳೆಯದಲ್ಲ, ಆದರೆ ತಿಜೋರಿಯನ್ನು ಆಮೇಲೆ ತಂದಿರಬಹುದು ಎಂಬುದೂ ನೆನಪಿರಲಿ. ಬೋರ್ಡು, ಶಿಕ್ಕಾ, ಲೆಟರ್‌ಹೆಡ್‌ನಲ್ಲಿ ‘ಮುಂಬಯಿ ಇಲಾಖೆ’ ಎಂದಿದ್ದರೆ 1956ರ ನವೆಂಬರಿಗೆ ಮುಂಚಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1956–1973. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಕೀರ್ದಿ ಪುಸ್ತಕದಲ್ಲಿ ರೂಪಾಯಿ-ಆಣೆ-ಪೈ ಎಂದು ಮೂರು ಅಂಕಣ ಇದ್ದರೆ 1957ರ ಏಪ್ರಿಲ್‌ಗಿಂತ ಹಳೆಯ ಲೆಕ್ಕ.

ಒಂದೇ ಸುಳಿವನ್ನು ನಂಬಬೇಡಿ. ಬ್ಯಾಂಕಿನ ಸ್ಥಾಪನೆಯ ವರ್ಷವನ್ನೇ ಕಟ್ಟಡದ ವರ್ಷವೆಂದು ಬರೆದುಬಿಡುವುದು ಎಲ್ಲ ಕಡೆ ಆಗುವ ತಪ್ಪು. ಎಷ್ಟೋ ಬ್ಯಾಂಕುಗಳು ಯಾರದೋ ಪಡಸಾಲೆಯಲ್ಲಿ ಶುರುವಾಗಿ ವರ್ಷಗಳ ನಂತರ ಸ್ವಂತ ಕಟ್ಟಡ ಕಂಡಿವೆ.

ಕೆಡವಿ ಹೊಸದು ಕಟ್ಟೋದು ಸಸ್ತಾ ಅಲ್ಲೇನ್ರಿ?

ಪೇಟೆ ನಡುವಿನ ಹಳೆ ಕಟ್ಟಡ ರಸ್ತೆಯಂಚಿಗೇ ನಿಂತಿರುತ್ತದೆ. ಕೆಡವಿದ ಮೇಲೆ ಈಗಿನ ನಿಯಮದಂತೆ ಸುತ್ತ ಜಾಗ ಬಿಡಬೇಕು, ರಸ್ತೆ ಅಗಲೀಕರಣದ ಗೆರೆ ಇದ್ದರೆ ಅದಕ್ಕೂ ಬಿಡಬೇಕು. ಸಣ್ಣ ನಿವೇಶನದಲ್ಲಿ ಉಳಿಯುವ ಜಾಗ ನೋಡಿ ಮಾಲಕರು ಬೆಚ್ಚುತ್ತಾರೆ. ತಿಜೋರಿ ಕೋಣೆ ಒಡೆಯುವ ಖರ್ಚನ್ನಂತೂ ಯಾರೂ ಮೊದಲು ಲೆಕ್ಕ ಹಾಕಿರುವುದಿಲ್ಲ. ಹಾಗೆಂದು ಎಲ್ಲವನ್ನೂ ಉಳಿಸಬೇಕೆಂದಿಲ್ಲ. ಅಡಿಪಾಯ ಕುಸಿದು ಗೋಡೆ ಪ್ಲಂಬಿನಿಂದ ಹೊರಗೆ ಹೋಗುತ್ತಲೇ ಇದ್ದರೆ, ಇಂಜಿನಿಯರ್ ಮಾತು ಕೇಳಿ ಇಳಿಸುವುದೇ ಸರಿ.

## ಮಾಲಕತ್ವ ಮತ್ತು ದಾಖಲೆ

ಕಟ್ಟಡ ಬ್ಯಾಂಕಿನದೋ ಬಾಡಿಗೆಯದೋ ಗೊತ್ತಿಲ್ಲ. ಯಾವ ಉತಾರ ತೆಗೆಸಬೇಕು?

ಮುಂಬಯಿ ಕರ್ನಾಟಕದ (ಈಗ ಕಿತ್ತೂರು ಕರ್ನಾಟಕ) ಊರುಗಳಲ್ಲಿ ಸಿಟಿ ಸರ್ವೆ ಹಳೆಯದು, ಅದು ನಮ್ಮ ಪುಣ್ಯ. ಸಿಟಿ ಸರ್ವೆ ಕಚೇರಿಯಲ್ಲಿ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಕೊಟ್ಟು ಪ್ರಾಪರ್ಟಿ ಕಾರ್ಡಿನ ಉತಾರ, ಅಂದರೆ ದಾಖಲೆಯ ನಕಲು, ತೆಗೆಸಿ. ಹಕ್ಕು ಬದಲಾದ ಪ್ರತಿ ನಮೂದೂ ಅದರಲ್ಲಿರುತ್ತದೆ, ಕಟ್ಟಡದ ಇತಿಹಾಸಕ್ಕೂ ಅದೇ ಒಳ್ಳೆಯ ಕಾಗದ. ಎರಡನೆಯದು ಪುರಸಭೆ ಅಥವಾ ಮಹಾನಗರ ಪಾಲಿಕೆಯ ಆಸ್ತಿ ಉತಾರ. ಮೂರನೆಯದು ಬೋಜಾ (ಆಸ್ತಿಯ ಮೇಲಿನ ಸಾಲ, ಅಡಮಾನ) ತಿಳಿಯಲು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಬರಹದ ಪುಸ್ತಕದಿಂದ ತೆಗೆಸಬೇಕು. ಆನ್‌ಲೈನ್ ಇಸಿಯಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ಬೋಜಾ ಇಲ್ಲವೆಂದಲ್ಲ. ಹಳೆ ಅಡಮಾನಗಳು ಅದಕ್ಕೂ ಹಿಂದಿನ ಪುಸ್ತಕದಲ್ಲಿ ಕೂತಿರುತ್ತವೆ.

ಸಹಕಾರಿ ಬ್ಯಾಂಕ್ ಮುಚ್ಚಿ ಸಮಾಪನೆಯಲ್ಲಿದ್ದರೆ (ಲಿಕ್ವಿಡೇಶನ್) ಆಸ್ತಿ ಸಮಾಪಕರ (ಲಿಕ್ವಿಡೇಟರ್) ಕೈಯಲ್ಲಿರುತ್ತದೆ. ಹಳೆ ಸಂಚಾಲಕರು ಬರೆದುಕೊಟ್ಟ ಒಪ್ಪಂದಕ್ಕೆ ಬೆಲೆಯಿಲ್ಲ. ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಲ್ಲಿ ಮೊದಲು ವಿಚಾರಿಸಿ. ಬಾಡಿಗೆಗೆ ಪಡೆಯುವುದಾದರೆ, ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಲೇಬೇಕು. ಹನ್ನೊಂದು ತಿಂಗಳ ಕರಾರಿನ ಮೇಲೆ ಮಾಳಿಗೆ ರಿಪೇರಿಗೆ ಲಕ್ಷಗಟ್ಟಲೆ ಸುರಿಯುವುದು ಅಪಾಯ. ಕನಿಷ್ಠ ಹತ್ತು ವರ್ಷದ ಕರಾರು ಕೇಳಿ, ರಿಪೇರಿ ಖರ್ಚು ಬಾಡಿಗೆಯಲ್ಲಿ ಹೇಗೆ ವಜಾ ಆಗುತ್ತದೆಂದು ಅದರಲ್ಲೇ ಬರೆಸಿ.

ಬ್ಯಾಂಕಿನ ಇತಿಹಾಸ ಬರೆಯಬೇಕಾಗಿದೆ. ಹಳೆ ದಾಖಲೆ ಎಲ್ಲಿ ಹುಡುಕೋಣ?

ನಿಮ್ಮ ಊರು 1948ಕ್ಕೆ ಮುಂಚೆ ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಜಮಖಂಡಿ, ಮುಧೋಳ, ರಾಮದುರ್ಗ ಸ್ವತಂತ್ರ ಸಂಸ್ಥಾನಗಳು, ತೇರದಾಳ ಸಾಂಗ್ಲಿ ಸಂಸ್ಥಾನದ್ದು. ಇವೆಲ್ಲ 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಆ ಊರುಗಳ ಕಾಗದವನ್ನು ಬ್ರಿಟಿಷ್ ಜಿಲ್ಲೆಯ ಕಡತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಂಸ್ಥಾನಿ ಕಾಗದ ಬಹಳಷ್ಟು ಮರಾಠಿಯಲ್ಲಿ, ಅದರಲ್ಲೂ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆ ಕೂಡುಬರಹ) ಇರುತ್ತದೆ. ಫೋಟೋ ತೆಗೆದು ಮೋಡಿ ಬಲ್ಲವರಿಗೆ ತೋರಿಸಿ, ಊಹೆಯ ಮೇಲೆ ಓದಬೇಡಿ.

ಉಳಿದ ಊರುಗಳಿಗೆ ಧಾರವಾಡದ ರಾಜ್ಯ ಪತ್ರಾಗಾರ ವಿಭಾಗೀಯ ಕಚೇರಿ, ಬೆಂಗಳೂರಿನ ರಾಜ್ಯ ಪತ್ರಾಗಾರ, 1956ಕ್ಕೆ ಹಿಂದಿನದಕ್ಕೆ ಮುಂಬೈಯ ಮಹಾರಾಷ್ಟ್ರ ಪತ್ರಾಗಾರ. 1884ರ ಮುಂಬಯಿ ಪ್ರಾಂತ್ಯದ ಗೆಝೆಟಿಯರಿನ 21ನೇ ಸಂಪುಟ ಬೆಳಗಾವಿಯದು, 23ನೆಯದು ವಿಜಾಪುರದ್ದು. ಬ್ಯಾಂಕ್ ಬರುವ ಮುಂಚೆ ಊರಿನ ಸಾವಕಾರರ ಬಡ್ಡಿ, ಹುಂಡಿ (ಹಣ ಪಾವತಿಯ ಚೀಟಿ) ವ್ಯವಹಾರ ಹೇಗಿತ್ತು ಎಂಬುದು ಅದರಲ್ಲಿದೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಅದರ ಹಳೆ ಕಡತ ವಿಜಾಪುರದ ಹೆಸರಲ್ಲಿ ಹುಡುಕಿ. ಜಿಲ್ಲಾ ಕಚೇರಿ 1885ರವರೆಗೂ ಕಲಾದಗಿಯಲ್ಲಿತ್ತು, ಅದಕ್ಕೂ ಹಿಂದಿನದು ಬಹುತೇಕ ಕಲಾದಗಿ ಜಿಲ್ಲೆ ಎಂದಿರುತ್ತದೆ. ಬೆಳಗಾವಿ ಸುತ್ತಿನ ಸುದ್ದಿ, ಜಾಹೀರಾತುಗಳಿಗೆ 1919ರಿಂದ ಬರುತ್ತಿರುವ ಮರಾಠಿ ಪತ್ರಿಕೆ ತರುಣ ಭಾರತದ ಹಳೆ ಸಂಚಿಕೆಗಳು ಉಪಯೋಗಕ್ಕೆ ಬರುತ್ತವೆ.

ಎಲ್ಲಕ್ಕಿಂತ ಹತ್ತಿರದ ದಾಖಲೆ ಊರಿನ ಮನೆಗಳಲ್ಲೇ ಇದೆ: ಶೇರು ಪತ್ರ, ವಾರ್ಷಿಕ ವರದಿ, ಉದ್ಘಾಟನೆಯ ಆಮಂತ್ರಣ. ನಿವೃತ್ತ ಕ್ಯಾಶಿಯರ್, ಸಿಪಾಯಿಗಳ ಮಾತು ಈಗಲೇ ದಾಖಲಿಸಿಕೊಳ್ಳಿ. ಪತ್ರಾಗಾರ ಮುಂದಿನ ವರ್ಷವೂ ಇರುತ್ತದೆ.

ನಮ್ಮ ಅಜ್ಜನ ಹೆಸರಿನ ಹಳೆ ಪಾಸ್‌ಬುಕ್ ಸಿಕ್ಕೈತಿ. ಬ್ಯಾಂಕೇ ಇಲ್ಲ. ರೊಕ್ಕ ಬರ್ತದೇನು?

ಬ್ಯಾಂಕ್ ಬೇರೊಂದರಲ್ಲಿ ವಿಲೀನವಾಗಿದ್ದರೆ ಹೊಣೆಯೂ ಆ ಬ್ಯಾಂಕಿಗೇ ಹೋಗಿರುತ್ತದೆ. ಅದರ ಹತ್ತಿರದ ಶಾಖೆಗೆ ಪಾಸ್‌ಬುಕ್ಕಿನ ಝೆರಾಕ್ಸ್, ಮರಣ ಪ್ರಮಾಣಪತ್ರ, ವಾರಸಾ ದಾಖಲೆ ಕೊಟ್ಟು ಲಿಖಿತ ಅರ್ಜಿ ಹಾಕಿ. ಮೂಲ ಪಾಸ್‌ಬುಕ್ ಕೈಬಿಡಬೇಡಿ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು 2014ರಿಂದ ರಿಸರ್ವ್ ಬ್ಯಾಂಕಿನ ಡಿಇಎ (ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ) ನಿಧಿಗೆ ಕಳಿಸುತ್ತವೆ, ಆದರೂ ವಾರಸುದಾರರು ಬ್ಯಾಂಕಿನ ಮೂಲಕವೇ ಕೇಳಬಹುದು. ಇಂಥ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ ಮಾಡಿರುವ ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಿ. ಬ್ಯಾಂಕ್ ದಿವಾಳಿಯಾಗಿ ಮುಚ್ಚಿದ್ದರೆ ಆಸೆ ಕಡಿಮೆ. ಠೇವಣಿ ವಿಮೆ ಶುರುವಾದದ್ದೇ 1962ರ ಜನವರಿ 1ರಂದು, ಆಗ ಮಿತಿ 1,500 ರೂಪಾಯಿ. ಹಣ ಬಂದರೂ ಬಾರದಿದ್ದರೂ ಆ ಪಾಸ್‌ಬುಕ್ ಊರಿನ ಇತಿಹಾಸಕ್ಕೆ ದೊಡ್ಡ ಸಾಕ್ಷಿ.

ಹಳೆ ಬಾಗಲಕೋಟೆಯೊಳಗಿನ ಕಟ್ಟಡಕ್ಕೆ ಖರ್ಚು ಮಾಡಬಹುದಾ? ಮುಳುಗಡೆ ಅಂತಾರೆ.

ಹಳೆ ಬಾಗಲಕೋಟೆಗೆ ಬರುವುದು ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು. ಅಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ನದಿ ನೀರು ಹಂಚಿಕೆಯ ಕೃಷ್ಣಾ ಎರಡನೇ ನ್ಯಾಯಮಂಡಳಿ ಒಪ್ಪಿದ್ದು 524.256 ಮೀಟರ್, ಅಂದರೆ ನೀರು ಇನ್ನೂ ಮೇಲೆ ಬರಬಹುದು. ನಿಮ್ಮ ಸಿಟಿಎಸ್ ನಂಬರ್ ಸ್ವಾಧೀನದ ಪಟ್ಟಿಯಲ್ಲಿದೆಯೇ ಎಂದು ನವನಗರದ ಭೂಸ್ವಾಧೀನ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಪಟ್ಟಿಯಲ್ಲಿದ್ದರೆ ರಿಪೇರಿಗೆ ಹಣ ಹಾಕಬೇಡಿ. ಅದೇ ಹಣದಲ್ಲಿ ಪೂರ್ತಿ ಅಳತೆ ನಕ್ಷೆ, ಫೋಟೋ ಮಾಡಿಸಿ. ಕೌಂಟರ್, ಬಾಗಿಲು, ಫಲಕ ಸಾಗಿಸುವ ವಿಚಾರ ಬಂದರೆ ಪರಿಹಾರದ ಪಂಚನಾಮೆ ಮುಗಿಯುವ ಮುಂಚೆ ಕೈಹಾಕಬೇಡಿ.

## ರಿಪೇರಿ

ಕೀಲಿ ಕೈಗೆ ಬಂತು. ಮೊದಲ ದಿನ ಏನು ಮಾಡಬೇಕು?

ಏನನ್ನೂ ಎಸೆಯಬಾರದು. ಗುಜರಿಯವನು ಬಾಗಿಲಲ್ಲೇ ನಿಂತಿರುತ್ತಾನೆ, ಹಿತ್ತಾಳೆ ಹಿಡಿಕೆ, ಟೋಕನ್, ತಕ್ಕಡಿ ಮೊದಲು ಹೋಗುವುದು ಅವನ ಚೀಲಕ್ಕೇ. ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಸೂರು ಎಂದು ಆರು ಫೋಟೋ ತೆಗೆಯಿರಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಅದೂ ಫೋಟೋದಲ್ಲಿ ಬರಲಿ. ಆಮೇಲೆ ಕೈಯಳತೆಯ ನಕ್ಷೆ. ಗೋಡೆಯ ದಪ್ಪವನ್ನು ಪ್ರತಿ ಕಿಟಕಿಯಲ್ಲೂ ಅಳೆಯಿರಿ: ಒಂದೇ ಗೋಡೆ ಎರಡು ದಪ್ಪ ತೋರಿಸಿದರೆ ಒಂದು ಭಾಗ ಆಮೇಲೆ ಸೇರಿಸಿದ್ದು. ಬಿರುಕುಗಳ ಮೇಲೆ ತಾರೀಖು ಬರೆದ ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ ಒಂದು ಮಳೆಗಾಲ ಬಿಡಿ. ಗಾಜು ಒಡೆದರೆ ಬಿರುಕು ಜೀವಂತ, ಅದಕ್ಕೆ ಮೇಲಿಂದ ಸಿಮೆಂಟ್ ತುಂಬಿ ಪ್ರಯೋಜನವಿಲ್ಲ.

ಕೆಳಗಿನ ಮೂರು ಅಡಿ ಪ್ಲಾಸ್ಟರ್ ವರ್ಷವರ್ಷ ಉದುರ್ತದ. ಎಷ್ಟು ಸಿಮೆಂಟ್ ಹಾಕಿದ್ರೂ ನಿಲ್ಲವಲ್ಲದು.

ಸಿಮೆಂಟ್ ಹಾಕಿದ್ದಕ್ಕೇ ನಿಲ್ಲುತ್ತಿಲ್ಲ. ಹಳೆ ಗೋಡೆ ಕಲ್ಲು ಮತ್ತು ಗಚ್ಚಿನದು (ಸುಣ್ಣದ ಗಾರೆ). ನೆಲದ ತೇವ ಅದರೊಳಗೆ ಏರಿ ಹೊರಮೈಯಿಂದ ಆರಿಹೋಗುತ್ತಿತ್ತು. ಸಿಮೆಂಟ್ ಪದರ ಆ ದಾರಿ ಮುಚ್ಚುತ್ತದೆ, ತೇವ ಇನ್ನೂ ಮೇಲೇರುತ್ತದೆ, ಅದರೊಂದಿಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ದೂಡುತ್ತದೆ. ಬೆಳಗಾವಿ, ಖಾನಾಪುರ ಕಡೆ ಮಳೆ ಹೆಚ್ಚಾದ್ದರಿಂದ ಈ ತೊಂದರೆ ವಿಜಯಪುರಕ್ಕಿಂತ ಬಹಳ ಹೆಚ್ಚು.

ಗಾರೆಯನ್ನು ಚಾಕುವಿನಿಂದ ಕೆರೆದು ನೋಡಿ. ಬಿಳಿ ಪುಡಿ ಉದುರಿದರೆ ಗಚ್ಚು, ಬೂದು ಬಣ್ಣದ್ದಾಗಿ ಚಾಕುವಿಗೆ ಬಗ್ಗದಿದ್ದರೆ ಸಿಮೆಂಟ್. ಸಿಮೆಂಟನ್ನು ಉಳಿಯಿಂದ ಬಿಡಿಸಿ, ಕಲ್ಲಿನ ಸಂದುಗಳನ್ನು ಸುಮಾರು ಒಂದು ಇಂಚು ಆಳ ತೆರೆದು, ಒಣ ಬ್ರಷ್‌ನಿಂದ ಉಪ್ಪು ಉಜ್ಜಿ ತೆಗೆಯಿರಿ. ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಗೋಡೆ ಒಂದು ಬೇಸಿಗೆ ಆರಲಿ. ಸುಟ್ಟ ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ, ಸೋಸಿ, ಕನಿಷ್ಠ ಎರಡು ವಾರ ನೀರಿನಡಿ ಕೊಳೆಹಾಕಿ. ಆಮೇಲೆ ಒಂದು ಭಾಗ ಸುಣ್ಣಕ್ಕೆ ಮೂರು ಭಾಗ ಜರಡಿ ಹಿಡಿದ ಉಸುಕು. ತೇವ ಜಾಸ್ತಿ ಇರುವಲ್ಲಿ ಉಸುಕಿನ ಅರ್ಧದಷ್ಟನ್ನು ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿಗೆ ಬದಲಿಸಿ. ಒಂದೊಂದು ಪದರ 10–12 ಮಿ.ಮೀ. ಮೀರಬಾರದು, ಪದರಗಳ ನಡುವೆ ಒಂದು ವಾರ ಬಿಡಿ, ಒದ್ದೆ ಗೋಣಿತಾಟು ಹೊದಿಸಿಡಿ. ಏಪ್ರಿಲ್–ಮೇ ಬಿಸಿಲಲ್ಲಿ ಹಚ್ಚಿದ ಗಚ್ಚು ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಕಾಲ ಒಳ್ಳೆಯದು. ಮೇಲೆ ಪ್ಲಾಸ್ಟಿಕ್ ಎಮಲ್ಶನ್ ಬೇಡ, ತೆಳುವಾಗಿ ಮೂರು ಕೈ ಸುಣ್ಣ ಸಾಕು.

ಮಣ್ಣಿನ ಮಾಳಿಗೆ ಸೋರುತ್ತಿದೆ. ಮೇಲೆ ಇನ್ನೊಂದು ಪದರ ಹಾಕಿದರೆ ಆಗಲ್ಲವೇ?

ಬೇಡ. ಪ್ರತಿ ಮಳೆಗಾಲದ ಮುಂಚೆ ಒಂದು ಪದರ ಮಣ್ಣು ಹಾಕುತ್ತ ಬಂದು ದಪ್ಪ ಒಂದೂವರೆ ಅಡಿ ದಾಟಿದ ಮಾಳಿಗೆಗಳಿವೆ. ಒಂದು ಅಡಿ ಮಣ್ಣೆಂದರೆ ಒಂದು ಚದರ ಮೀಟರಿಗೆ ಸುಮಾರು 500 ಕೆ.ಜಿ., ನೆನೆದರೆ ಇನ್ನೂ ಹೆಚ್ಚು. ಮೂಲೆಯಲ್ಲಿ ಸಣ್ಣ ಗುಂಡಿ ತೆಗೆದು ದಪ್ಪ ನೋಡಿ. ಜಂತಿ-ತೊಲೆಗಳ ತುದಿ ಗೋಡೆಯೊಳಗೆ ಹೋಗುವಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಅರ್ಧ ಇಂಚಿಗಿಂತ ಸುಲಭವಾಗಿ ಒಳಗೆ ಹೋದರೆ ಕಟ್ಟಿಗೆ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಮಣ್ಣು ಇಳಿಸುವಾಗ ಎರಡೂ ಬದಿಯಿಂದ ಸಮವಾಗಿ ಇಳಿಸಿ, ಒಂದೇ ಕಡೆ ಗುಡ್ಡೆ ಹಾಕಿದರೆ ತೊಲೆ ಮುರಿಯುತ್ತದೆ. ನೀರು ಹೋಗುವ ದೋಣಿಗಳು ಕಸ ತುಂಬಿ ಕಟ್ಟಿಕೊಂಡಿರುವುದೇ ಎಷ್ಟೋ ಸಲ ಸೋರಿಕೆಗೆ ಪೂರ್ತಿ ಕಾರಣ.

ಗರ್ಡರ್ ನಡುವೆ ಇಟ್ಟಿಗೆ ಕಮಾನಿನ ಸೂರು ಇದೆ. ಗರ್ಡರ್ ತುಕ್ಕು ಹಿಡಿದಿದೆ, ಬದಲಿಸಬೇಕಾ?

ಬಣ್ಣ ಕೆರೆದು, ಎದ್ದ ತುಕ್ಕು ಬಡಿದು ತೆಗೆದು, ಕೆಳಪಟ್ಟಿಯ ದಪ್ಪವನ್ನು ಗೋಡೆಯ ಹತ್ತಿರ ಮತ್ತು ನಡುವೆ ಕ್ಯಾಲಿಪರ್‌ನಿಂದ ಅಳೆಯಿರಿ. ಕೊಳೆಯುವುದು ಗೋಡೆಯೊಳಗೆ ಹೋಗುವ ತುದಿ. ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲದೆ ಮುಂದುವರಿಯಬೇಡಿ. ಒಂದು ಗರ್ಡರನ್ನು ಮಾತ್ರ ಸಡಿಲಿಸುವುದು ಪ್ರಾಣಾಪಾಯ, ಏಕೆಂದರೆ ಈ ಕಮಾನುಗಳು ಒಂದನ್ನೊಂದು ಅಡ್ಡಕ್ಕೆ ತಳ್ಳಿಕೊಂಡು ನಿಂತಿವೆ. ಕೊನೆಯ ಕಮಾನನ್ನು ಹಿಡಿದಿರುವ ಕಬ್ಬಿಣದ ಸರಳುಗಳನ್ನು ಫ್ಯಾನ್ ಹಾಕಲು ಅಡ್ಡವೆಂದು ಕತ್ತರಿಸಿದರೆ ಸಾಲಿಗೆ ಸಾಲೇ ಸಡಿಲಾಗುತ್ತದೆ.

## ತಿಜೋರಿ ಮತ್ತು ಸ್ಟ್ರಾಂಗ್ ರೂಮ್

ತಿಜೋರಿ ಕೀಲಿ ಕಳೆದಿದೆ. ಗ್ಯಾಸ್ ಕಟರ್‌ನಿಂದ ಕೊಯ್ಯಬಹುದಾ?

ದಯವಿಟ್ಟು ಬೇಡ. ಒಳಗೆ ಕಾಗದವಿದ್ದರೆ ಸುಟ್ಟುಹೋಗುತ್ತದೆ. ಹಳೆ ತಿಜೋರಿಗಳ ಎರಡು ತಗಡಿನ ನಡುವೆ ಬೆಂಕಿ ತಡೆಯಲು ಸ್ಫಟಿಕ (ಪಟಿಕ) ಬೆರೆಸಿದ ಕಟ್ಟಿಗೆ ಹೊಟ್ಟು ತುಂಬುತ್ತಿದ್ದರು, ಕೆಲವದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ವಿಷ. ತಯಾರಕ ಕಂಪನಿ ಈಗಲೂ ಇದ್ದರೆ ಬೀಗದ ಮೇಲಿನ ಕ್ರಮಾಂಕ ಬರೆದುಕೊಂಡು ಅವರ ಸೇವಾ ಕೇಂದ್ರ ಕೇಳಿ. ಬ್ಯಾಂಕಿನ ಬೀಗಕ್ಕೆ ಸಾಮಾನ್ಯವಾಗಿ ಎರಡು ಕೀಲಿ, ಒಂದು ಮ್ಯಾನೇಜರ್ ಬಳಿ, ಇನ್ನೊಂದು ಕ್ಯಾಶಿಯರ್ ಬಳಿ. ಒಂದೇ ಕೀಲಿ ತಿರುಗಿಸಿ ‘ಬೀಗ ಕೆಟ್ಟಿದೆ’ ಎಂದು ಒಡೆದವರಿದ್ದಾರೆ. ತೆರೆಯುವಾಗ ಮಾಲಕರು, ಇಬ್ಬರು ಪಂಚರು ಇರಲಿ, ಸಿಕ್ಕಿದ್ದರ ಪಟ್ಟಿ ಮಾಡಿ ಸಹಿ ಹಾಕಿಸಿ.

ಸ್ಟ್ರಾಂಗ್ ರೂಮ್ ಗೋಡೆ ಒಡೆದು ದೊಡ್ಡ ಹಾಲ್ ಮಾಡೋಣ ಅಂತ.

ಆರ್‌ಸಿಸಿ ಸ್ಟ್ರಾಂಗ್ ರೂಮಿನ ಗೋಡೆ ಸುಮಾರು ಒಂದು ಅಡಿ ದಪ್ಪ, ಎರಡು ಪದರ ಸರಳಿನ ಜಾಲ. ಬ್ರೇಕರ್ ಹಚ್ಚಿದರೆ ಅದು ಬೀಳುವ ಮೊದಲು ಪಕ್ಕದ ಕಲ್ಲುಗೋಡೆ ಸಡಿಲಾಗುತ್ತದೆ. ಮೇಲಿನ ಮಹಡಿ ಅದರ ಮೇಲೇ ಕೂತಿದ್ದರಂತೂ ಮುಟ್ಟಲೇಬಾರದು. ಹಾಗೇ ಉಳಿಸಿ ಉಪಯೋಗಿಸಿ: ಹಳೆ ದಾಖಲೆ ಕೋಣೆ, ಸೀರೆ ದಾಸ್ತಾನು, ಸಣ್ಣ ಪ್ರದರ್ಶನ.

ಎರಡು ಕೆಲಸ ಮಾತ್ರ ಕಡ್ಡಾಯ. ಒಂದು, ಬಾಗಿಲು ತಾನಾಗಿ ಮುಚ್ಚದಂತೆ ನೆಲಕ್ಕೆ ಉಕ್ಕಿನ ತಡೆ ವೆಲ್ಡ್ ಮಾಡಿಸಿ, ಅಗಳಿಗಳ ಯಂತ್ರವನ್ನು ಒಳಗಿಂದ ಕಳಚಿಡಿ. ಮಕ್ಕಳು ಆಟಕ್ಕೆ ಮುಚ್ಚಿದರೆ ಒಳಗೆ ಗಾಳಿಯಿಲ್ಲ, ಕೂಗಿದರೂ ಕೇಳುವುದಿಲ್ಲ. ಎರಡು, ಗಾಳಿ. ತುರ್ತು ಗಾಳಿಕಿಂಡಿ ಇದ್ದರೆ ತೆರೆಯಿರಿ, ಇಲ್ಲದಿದ್ದರೆ ಇಂಜಿನಿಯರ್ ಗುರುತಿಸಿದಲ್ಲಿ ಡೈಮಂಡ್ ಕೋರ್ ಯಂತ್ರದಿಂದ 150 ಮಿ.ಮೀ. ತೂತು ಎರಡು, ಒಂದು ಕೆಳಗೆ, ಇನ್ನೊಂದು ಎದುರು ಗೋಡೆಯ ಮೇಲ್ಭಾಗಕ್ಕೆ. 3×4 ಮೀಟರ್ ಅಳತೆಯ, 3 ಮೀಟರ್ ಎತ್ತರದ ಕೋಣೆಗೆ ಗಂಟೆಗೆ ಆರು ಸಲ ಗಾಳಿ ಬದಲಾಗಲು 216 ಘನ ಮೀಟರ್ ಬೇಕು. ಆರು ಇಂಚಿನ ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಒಂದು ಸಾಕು, ಅದಕ್ಕೆ ಇಲಿ ಬಾರದ ಜಾಳಿಗೆ ಇರಲಿ.

ಅರ್ಧ ಟನ್ ತಿಜೋರಿ ಇನ್ನೊಂದು ಕೋಣೆಗೆ ಸರಿಸೋದು ಹೆಂಗ?

ದಾರಿಯ ನೆಲ ಪೊಳ್ಳಿದೆಯೇ ಎಂದು ಬಡಿದು ನೋಡಿ, ದಪ್ಪ ಹಲಗೆ ಹಾಸಿ, ಎರಡು ಇಂಚಿನ ಜಿಐ ಪೈಪುಗಳ ಮೇಲೆ ಸನಿಕೆಯಿಂದ ಉರುಳಿಸಿ. ಫರಸಿ ಕಲ್ಲಿನ ಮೇಲೆ ನೇರ ಉರುಳಿಸಿದರೆ ಕಲ್ಲು ಸೀಳುತ್ತದೆ. ಬಾಗಿಲು ತೆರೆದಿಟ್ಟು ಸರಿಸಿದರೆ ತಿಜೋರಿ ಮುಂದಕ್ಕೆ ಮಗುಚುತ್ತದೆ. ಮಹಡಿಗಂತೂ ಒಯ್ಯಲೇಬೇಡಿ.

## ಹೊಸ ಬಳಕೆ

ಯಾವ ಬಳಕೆ ಇಂಥ ಕಟ್ಟಡಕ್ಕೆ ಒಪ್ಪುತ್ತದೆ?

ಬ್ಯಾಂಕಿನ ಹಾಲ್ ಎತ್ತರ, ತಂಪು, ಒಂದೇ ದೊಡ್ಡ ಜಾಗ. ವಾಚನಾಲಯ, ಸ್ಪರ್ಧಾ ಪರೀಕ್ಷೆಯ ಓದುಕೋಣೆ, ಕೈಮಗ್ಗದ ಮಾರಾಟ ಮಳಿಗೆ, ಊರಿನ ದಾಖಲೆ ಸಂಗ್ರಹ ಇವೆಲ್ಲ ಸುಲಭವಾಗಿ ಹೊಂದುತ್ತವೆ. ನಮ್ಮ ಒಲವು ವಾಚನಾಲಯ ಮತ್ತು ದಾಖಲೆ ಸಂಗ್ರಹದ ಕಡೆಗೆ. ಕೌಂಟರ್, ಜಾಳಿಗೆ, ತಿಜೋರಿ ಯಾವುದನ್ನೂ ಕೀಳಬೇಕಾಗಿಲ್ಲ, ಕಟ್ಟಡ ಮತ್ತೆ ಊರಿನದೇ ಆಗಿ ಉಳಿಯುತ್ತದೆ. ಖಾನಾವಳಿ ಬೇಡವೆನ್ನಲು ಕಾರಣವಿದೆ: ಎಣ್ಣೆ ಹೊಗೆ ಗಚ್ಚಿನ ಗೋಡೆಗೆ ಹೀರಿಕೊಳ್ಳುತ್ತದೆ, ತೊಳೆಯುವ ನೀರು ಅಡಿಪಾಯಕ್ಕೆ ಇಳಿಯುತ್ತದೆ. ಮಾಡಲೇಬೇಕೆಂದರೆ ಅಡುಗೆಮನೆಯನ್ನು ಹಿತ್ತಲಲ್ಲಿ ಬೇರೆ ಕಟ್ಟಿ. ಹಳೆ ಕಟ್ಟಡಕ್ಕೆ ಹೊಸ ಬಳಕೆ ನಮ್ಮ ನಾಡಿಗೆ ಹೊಸತೇನಲ್ಲ, ಗೋಲಗುಂಬಜದ ಮುಂದಿನ ನಗಾರಖಾನೆ 1892ರಿಂದ ವಸ್ತುಸಂಗ್ರಹಾಲಯವಾಗಿದೆ.

ಮಹಡಿ ಮೇಲೆ ಪುಸ್ತಕದ ಕಪಾಟು ಇಡಬಹುದಾ? ಎಷ್ಟು ಜನ ಕೂರಬಹುದು?

ಭಾರತೀಯ ಮಾನಕ 875ರ ಪ್ರಕಾರ ಬ್ಯಾಂಕಿನ ಹಾಲ್ ಚದರ ಮೀಟರಿಗೆ ಸುಮಾರು 300 ಕೆ.ಜಿ. ಭಾರಕ್ಕೆ ಲೆಕ್ಕ, ಪುಸ್ತಕ ಒತ್ತಾಗಿ ಜೋಡಿಸುವ ಕೋಣೆ 600 ಕೆ.ಜಿ.ಗೆ. ಅಂದರೆ ಕಪಾಟಿನ ಸಾಲುಗಳು ನೆಲಮಹಡಿಯಲ್ಲೇ ಇರಬೇಕು. ಮೇಲೆ ಮೇಜು-ಕುರ್ಚಿ ಮಾತ್ರ, ಅದೂ ಹಳೆ ಸೂರಿನ ಬಲ ಇಂಜಿನಿಯರ್ ಒಪ್ಪಿದ ಮೇಲೆ. ಕಪಾಟನ್ನು ಗೋಡೆಯಿಂದ ಮೂರು ಇಂಚು ದೂರ ಇಡಿ, ಅಂಟಿಸಿದರೆ ಹಿಂದೆ ಬೂಷ್ಟು ಬರುತ್ತದೆ. ಒಬ್ಬ ಓದುಗನಿಗೆ ಸುಮಾರು 25 ಚದರ ಅಡಿ ಹಿಡಿಯಿರಿ: 30×20 ಅಡಿ ಹಾಲ್‌ಗೆ 24 ಜನ.

ಒಂದೇ ಬಾಗಿಲು, ಎಲ್ಲಾ ಕಿಟಕಿಗೂ ಸರಳು. ಜನ ಸೇರೋ ಜಾಗಕ್ಕೆ ನಡೀತದೇನು?

ನಡೆಯುವುದಿಲ್ಲ. ಕಳ್ಳ ಒಳಗೆ ಬರಬಾರದೆಂದು ಕಟ್ಟಿದ ಜಾಗದಿಂದ ಬೆಂಕಿ ಬಿದ್ದಾಗ ಹೊರಗೆ ಹೋಗುವುದು ಕಷ್ಟ. ಹಿಂದಿನ ಒಂದು ಕಿಟಕಿಯ ಕೆಳಗೋಡೆ ಮಾತ್ರ ಇಳಿಸಿ ಎರಡನೇ ಬಾಗಿಲು ಮಾಡಿ. ಮೇಲಿನ ಕಲ್ಲುತೊಲೆ ಹಾಗೇ ಉಳಿಯುವುದರಿಂದ ಗೋಡೆಗೆ ಧಕ್ಕೆಯಿಲ್ಲ. ಬಾಗಿಲು ಹೊರಗೆ ತೆರೆಯಬೇಕು. ಜನ ಒಳಗಿರುವಷ್ಟು ಹೊತ್ತು ಮುಂದಿನ ಜಾಳಿ ಬಾಗಿಲಿಗೆ ಬೀಗ ಬೀಳಬಾರದು. ಗಾಲಿಕುರ್ಚಿಗೆ ಇಳಿಜಾರು 1:12 ಇರಬೇಕು. ಕಟ್ಟೆ ಎರಡು ಅಡಿ ಎತ್ತರವಿದ್ದರೆ 24 ಅಡಿ ಉದ್ದ ಬೇಕಾಗುತ್ತದೆ. ಮುಂದೆ ಜಾಗವಿಲ್ಲದಿದ್ದರೆ ಪಕ್ಕದ ಓಣಿಯಿಂದ ತನ್ನಿ.

ಕರೆಂಟ್ ಹಳೇ ಬ್ಯಾಂಕಿನ ಹೆಸರಲ್ಲೇ ಇದೆ.

ಹಳೆ ಬಾಕಿ ಆ ಮೀಟರಿನ ಜಾಗಕ್ಕೇ ಅಂಟಿರುತ್ತದೆ. ಕರಾರಿಗೆ ಸಹಿ ಹಾಕುವ ಮುಂಚೆ ಹೆಸ್ಕಾಂನಲ್ಲಿ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿನ ಸಂಪರ್ಕ ಸಂಖ್ಯೆ) ಕೊಟ್ಟು ಬಾಕಿ ವಿಚಾರಿಸಿ, ಆಮೇಲೆ ಹೆಸರು, ಬಳಕೆಯ ವರ್ಗ ಬದಲಿಸಿ. ಕಟ್ಟಿಗೆ ಪಟ್ಟಿಯೊಳಗಿನ ಹಳೆ ವೈರಿಂಗ್ ಪೂರ್ತಿ ತೆಗೆಸಿ, ಅರ್ತಿಂಗ್ ಹೊಸದಾಗಿ ಮಾಡಿಸಿ.

ವಿಜಯಪುರದಾಗ ಸ್ಮಾರಕದ ಹತ್ರ ಕಟ್ಟಡ ಐತಿ. ರಿಪೇರಿಗೂ ಪರವಾನಗಿ ಬೇಕಾ?

ಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿಂದ ಮುಂದೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕೆ ಮುಂಚಿನ ಕಟ್ಟಡದ ರಿಪೇರಿಗೆ ಅನುಮತಿ ಕೇಳಬಹುದು. ಆಗ ಕಟ್ಟಡದ ವಯಸ್ಸು ಸಾಬೀತು ಮಾಡಲು ಹಳೆ ಉತಾರ, ಫಲಕದ ಫೋಟೋ, ಬ್ಯಾಂಕಿನ ಹಳೆ ಕಾಗದ ಕೆಲಸಕ್ಕೆ ಬರುತ್ತವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಬೆಳಗಾವಿ ಕೋಟೆಯಲ್ಲಿರುವ ಸಂರಕ್ಷಿತ ಸ್ಮಾರಕಗಳ ಸುತ್ತಲೂ ಇದೇ ನಿಯಮ. ದೂರ ಅಳೆಯುವುದು ಸಂರಕ್ಷಿತ ಗಡಿಯಿಂದ, ಗುಮ್ಮಟದ ಗೋಡೆಯಿಂದಲ್ಲ.

ಅಟ್ಟದ ಮೇಲೆ ಹಳೆ ಖಾತೆ ಪುಸ್ತಕಗಳ ಗಂಟು ಸಿಕ್ಕಿದೆ. ಪ್ರದರ್ಶನಕ್ಕೆ ಇಡಬಹುದಾ?

ಮೊದಲು ಮಾಲಕ ಬ್ಯಾಂಕ್ ಅಥವಾ ಸಮಾಪಕರಿಗೆ ಲಿಖಿತವಾಗಿ ತಿಳಿಸಿ, ಅವು ಅವರ ಆಸ್ತಿ. ಬ್ಯಾಂಕುಗಳು ದಾಖಲೆಗಳನ್ನು ಕೆಲವನ್ನು 5, ಕೆಲವನ್ನು 8 ವರ್ಷ ಇಡಬೇಕೆಂದು 1985ರ ನಿಯಮ ಹೇಳುತ್ತದೆ. ಅದಕ್ಕೂ ಹಳೆಯವನ್ನು ಕೇಳಿದರೆ ಬಿಟ್ಟುಕೊಡುವ ಸಾಧ್ಯತೆ ಇದೆ, ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಬಿಸಿಲಿಗೆ ಹರಡಬೇಡಿ, ಹಾಳೆ ಹಪ್ಪಳದಂತೆ ಒಡೆಯುತ್ತದೆ. ನೆರಳಲ್ಲಿ, ಗಾಳಿಯಾಡುವಲ್ಲಿ ನಿಲ್ಲಿಸಿ, ಎನ್-95 ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ಒಳಗಿಂದ ಹೊರಗೆ ಧೂಳು ತೆಗೆಯಿರಿ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಅದು ಹಳದಿ ಕಲೆಯಾಗಿ ಅಕ್ಷರ ತಿನ್ನುತ್ತದೆ.

ಯಾರ ಸಾಲ ಎಷ್ಟು, ಯಾರ ಬಂಗಾರ ಅಡವಿತ್ತು ಎಂಬುದು ಆ ಪುಟಗಳಲ್ಲಿದೆ, ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿದ್ದಾರೆ. ಹೆಸರು ಕಾಣುವ ಪುಟ ತೆರೆದಿಡಬೇಡಿ. ರಟ್ಟು, ಬಡ್ಡಿ ದರದ ಪಟ್ಟಿ, ವರ್ಷದ ಒಟ್ಟು ತಾಳೆಪಟ್ಟಿ, ಹೆಸರು ಮುಚ್ಚಿದ ಛಾಯಾಪ್ರತಿ ಇಡಿ. ಸುಗ್ಗಿ ತಿಂಗಳಲ್ಲಿ ನಗದು ಹೇಗೆ ಏರಿತು, ಬರಗಾಲದಲ್ಲಿ ಯಾವ ಸಾಲ ನಿಂತಿತು ಎಂಬ ಲೆಕ್ಕ ಬರೆದು ತೋರಿಸಲು ಒಬ್ಬರ ಹೆಸರೂ ಬೇಕಾಗಿಲ್ಲ. ಮೂಲ ಪುಸ್ತಕಗಳನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ಮಲಗಿಸಿ, ನೆಲದಿಂದ ಒಂದು ಅಡಿ ಎತ್ತರದ ಉಕ್ಕಿನ ರ್‍ಯಾಕಿನಲ್ಲಿ ಇಡಿ. ಗಾಳಿಯ ವ್ಯವಸ್ಥೆ ಮುಗಿಯುವ ಮುಂಚೆ ಅವನ್ನು ಸ್ಟ್ರಾಂಗ್ ರೂಮಿಗೆ ಸೇರಿಸಬೇಡಿ.